ನೀರಗಂಟಿಯಿಲ್ಲದ ಕಟ್ಟೆ

(ನಗರದ ಸುತ್ತಮುತ್ತ ಜಮೀನು ಮಾಡಿಕೊಂಡಿರುವವರು ಬೆಂಗಳೂರಿನ ಬಸವನಗುಡಿಯಲ್ಲಿ ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಟದಲ್ಲಿ ಬಾಯಿಲೆಕ್ಕವಾಗಿ ಹೇಳಿದ್ದನ್ನು ಬರೆಯುವಾಗ ಮತ್ತೊಮ್ಮೆ ತಾಳೆ ನೋಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕುಳಿತಿರುವ ಹೆಚ್ಚಿನವರು ವಾರವೆಲ್ಲ ನಗರದಲ್ಲಿ ದುಡಿದು, ಶನಿವಾರ ಬೆಳಿಗ್ಗೆ ಮಾಗಡಿ, ಕನಕಪುರ, ದೊಡ್ಡಬಳ್ಳಾಪುರಗಳ ಕಡೆಗೆ ಕಾರು ತಿರುಗಿಸುವವರು ಎಂದು ಸಂಘಟಕರು ತಿಳಿಸಿದರು. ನಾಲ್ಕೋ ಹತ್ತೋ ಎಕರೆ ಜಮೀನು, ಅದರಲ್ಲಿ ಮಾವು, ತೆಂಗು, ಒಂದಿಷ್ಟು ಅಡಿಕೆ, ಮೂಲೆಯಲ್ಲೊಂದು ಮನೆ, ಇಳಿಜಾರು ಮುಗಿಯುವ ತಗ್ಗಿನಲ್ಲಿ ಮಣ್ಣಿನ ಏರಿ ಹಾಕಿ ನೀರು ನಿಲ್ಲಿಸಿದ ಒಂದು ಕಟ್ಟೆ. 2024ರ ಬೇಸಿಗೆಯಲ್ಲಿ ಅಪಾರ್ಟ್‌ಮೆಂಟಿನ ಗೇಟಿನ ಬಳಿ ಟ್ಯಾಂಕರಿಗಾಗಿ ಕಾದವರಿಗೆ, ತಮ್ಮದೇ ನೀರು ಕಣ್ಣೆದುರು ನಿಂತಿರುವುದನ್ನು ನೋಡುವ ಸುಖ ಎಂಥದೆಂದು ನಾನು ಹೇಳಬೇಕಾಗಿಲ್ಲ. ಆ ನೀರನ್ನು ತಡೆದು ನಿಲ್ಲಿಸಿರುವ ಮಣ್ಣಿನ ಬಗ್ಗೆ, ಮತ್ತು ಆ ಮಣ್ಣನ್ನು ದಿನವೂ ನೋಡಿಕೊಳ್ಳುವವರು ಯಾರು ಎಂಬುದರ ಬಗ್ಗೆ ಇವತ್ತು ಮಾತನಾಡುತ್ತೇನೆ.

ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ಈ ಪ್ರಶ್ನೆಗೆ ಉತ್ತರ ಸಿದ್ಧವಾಗಿತ್ತು. ಕೆರೆಗೊಬ್ಬ ನೀರಗಂಟಿ ಇರುತ್ತಿದ್ದ. ತೂಬು ಎತ್ತುವುದು, ಮುಚ್ಚುವುದು, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವುದು ಅವನ ಕೆಲಸವೆಂದು ಎಲ್ಲರಿಗೂ ಗೊತ್ತು. ಅದರ ಜೊತೆಗೆ ಏರಿಯ ಉದ್ದಕ್ಕೂ ನಡೆದು ನೋಡುವ ಕೆಲಸವೂ ಅವನದೇ ಆಗಿತ್ತು. ಎಲ್ಲಿ ಹೆಗ್ಗಣ ಬಿಲ ತೋಡಿದೆ, ಎಲ್ಲಿ ಹೊಸದಾಗಿ ಹುತ್ತ ಎದ್ದಿದೆ, ನಿನ್ನೆ ಒಣಗಿದ್ದ ಬುಡದ ಮಣ್ಣು ಇವತ್ತು ಯಾಕೆ ಕಾಲಿಗೆ ಅಂಟುತ್ತಿದೆ ಎಂಬುದು ಅವನಿಗೆ ತಿಳಿಯುತ್ತಿತ್ತು. ಸುಗ್ಗಿಯಲ್ಲಿ ಅವನಿಗೆ ಸಲ್ಲುತ್ತಿದ್ದ ಧಾನ್ಯದಲ್ಲಿ ಈ ನಡಿಗೆಯ ಕೂಲಿಯೂ ಸೇರಿತ್ತು. ಖಾಸಗಿ ಕಟ್ಟೆಗೆ ಏರಿ ಇದೆ, ಕೆಲವಕ್ಕೆ ತೂಬೂ ಇದೆ, ನೀರಗಂಟಿ ಮಾತ್ರ ಇಲ್ಲ. ಮಾಲೀಕರು ಶನಿವಾರ ಬರುತ್ತಾರೆ. ಚಿತ್ತೆ ಮಳೆ ಮಂಗಳವಾರ ರಾತ್ರಿ ಬರುತ್ತದೆ.

ಸರ್ಕಾರ ಬಂದು ನೋಡುವುದಿಲ್ಲವೇ ಎಂದು ಕೇಳಬಹುದು. ಹಾಗೆ ಎಣಿಸಬೇಡಿ. 2021ರ ಅಣೆಕಟ್ಟು ಸುರಕ್ಷತಾ ಕಾಯಿದೆ 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆ ಅನ್ವಯಿಸುತ್ತದೆ. 10ರಿಂದ 15 ಮೀಟರ್ ಎತ್ತರದವು ಅದರ ವ್ಯಾಪ್ತಿಗೆ ಬರಬೇಕಾದರೆ 500 ಮೀಟರ್ ಉದ್ದವೋ 10 ಲಕ್ಷ ಘನ ಮೀಟರ್ ಸಂಗ್ರಹವೋ ಅಥವಾ ಅಂಥದೇ ಬೇರೊಂದು ವಿಶೇಷ ಕಾರಣವೋ ಇರಬೇಕು. ನಿಮ್ಮ ಮೂರು-ನಾಲ್ಕು ಮೀಟರಿನ ಏರಿ ಆ ಕಾಯಿದೆಯ ಕಣ್ಣಿಗೇ ಬೀಳುವುದಿಲ್ಲ. ಆದ್ದರಿಂದ ವರ್ಷಕ್ಕೆರಡು ಸಲ ಬಂದು ಪರಿಶೀಲಿಸುವ ಎಂಜಿನಿಯರನ್ನು ಕಾಯುತ್ತ ಕೂರುವುದು ವ್ಯರ್ಥ. ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಜಮೀನು ನಿಮ್ಮದಾದರೂ ಅದರಲ್ಲಿ ಹಾಯ್ದುಹೋಗುವ ಹಳ್ಳ ನಿಮ್ಮದಲ್ಲ. ಹಳ್ಳ, ನಾಲೆ, ತೊರೆಗಳು ಸರ್ಕಾರದ ಸ್ವತ್ತೆಂದು 1964ರ ಕರ್ನಾಟಕ ಭೂಕಂದಾಯ ಕಾಯಿದೆ ಸ್ಪಷ್ಟವಾಗಿ ಹೇಳುತ್ತದೆ. ಕಂದಾಯ ನಕ್ಷೆಯಲ್ಲಿ ಹಳ್ಳವೆಂದು ಗುರುತಾದ ಜಾಗಕ್ಕೆ ಅಡ್ಡವಾಗಿ ಏರಿ ಹಾಕಿದವರು ಮೊದಲು ಆ ಗಂಟನ್ನು ಬಿಡಿಸಿಕೊಳ್ಳಬೇಕು.

ಪರಿಶೀಲನೆ ಇಲ್ಲವೆಂದ ಮಾತ್ರಕ್ಕೆ ಹೊಣೆ ಇಲ್ಲವೆಂದಾಗುವುದಿಲ್ಲ. ನಾನು ವಕೀಲನಲ್ಲ, ನೀರಾವರಿ ಕೆಲಸಗಳಲ್ಲಿ ತಲೆ ನರೆಸಿಕೊಂಡ ಸಿವಿಲ್ ಎಂಜಿನಿಯರ್. ಆದರೂ ಎರಡು ಹಳೆಯ ಮೊಕದ್ದಮೆಗಳನ್ನು ಕಟ್ಟೆ ಮಾಲೀಕರೆಲ್ಲ ತಿಳಿದಿರಬೇಕು. 1860ರ ಸುಮಾರಿಗೆ ಇಂಗ್ಲೆಂಡಿನ ಲ್ಯಾಂಕಾಷೈರಿನಲ್ಲಿ ಗಿರಣಿ ಮಾಲೀಕರೊಬ್ಬರು ಕಂಟ್ರಾಕ್ಟರ್ ಇಟ್ಟು ಒಂದು ಜಲಾಶಯ ಕಟ್ಟಿಸಿದರು. ಅದರ ತಳದಲ್ಲಿ ಯಾರೂ ಬಳಸದ ಹಳೆಯ ಗಣಿಯ ಕೂಪಗಳಿದ್ದವು. ನೀರು ತುಂಬುತ್ತಿದ್ದಂತೆ ಅವುಗಳ ಮೂಲಕ ಇಳಿದು ನೆರೆಯವರ ಕಲ್ಲಿದ್ದಲ ಗಣಿಗೆ ನುಗ್ಗಿತು. ಮಾಲೀಕರದು ವೈಯಕ್ತಿಕ ನಿರ್ಲಕ್ಷ್ಯವಲ್ಲವೆಂದು ಒಪ್ಪಿಕೊಂಡ ಮೇಲೂ, ಹರಿದು ಹೊರಗೆ ಹೋದರೆ ಕೇಡು ಮಾಡುವಂಥದನ್ನು ತನ್ನ ನೆಲದಲ್ಲಿ ತಂದಿಟ್ಟುಕೊಂಡವನೇ ನಷ್ಟ ತುಂಬಬೇಕೆಂದು 1868ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ರೈಲ್ಯಾಂಡ್ಸ್ ಮತ್ತು ಫ್ಲೆಚರ್ ನಡುವಿನ ಈ ಪ್ರಕರಣವನ್ನು ಕಾನೂನು ಓದಿದವರೆಲ್ಲ ಬಲ್ಲರು. ಎರಡನೆಯದು ನಮಗೆ ಹತ್ತಿರದ್ದು. ಚಿತ್ತೂರು ಸೀಮೆಯ ಕಾರ್ವೇಟಿನಗರದ ಜಮೀನ್ದಾರರ ಎರಡು ಕೆರೆಗಳು ಭಾರಿ ಮಳೆಗೆ ಒಡೆದು ಮದ್ರಾಸ್ ರೈಲ್ವೆಗೆ ಹಾನಿಯಾಯಿತು. ಅವು ಜನರ ಬದುಕು ನಿಂತಿರುವ ಪುರಾತನ ಕೆರೆಗಳು, ಅವನ್ನು ಉಳಿಸಿಕೊಂಡು ಹೋಗುವುದು ಜಮೀನ್ದಾರರ ಕರ್ತವ್ಯ, ಹೀಗಿರುವಾಗ ನಿರ್ಲಕ್ಷ್ಯ ತೋರಿಸದೆ ಅವರ ಮೇಲೆ ಹೊಣೆ ಹೊರಿಸಲಾಗದು ಎಂದು 1874ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ಅಂದರೆ ಆಗಿನ ಬ್ರಿಟಿಷ್ ಭಾರತದ ಕೊನೆಯ ಮೇಲ್ಮನವಿ ನ್ಯಾಯಪೀಠ, ಹೇಳಿತು. ಬಾತುಕೋಳಿ ಬಿಡುವುದಕ್ಕೋ ಸಂಜೆ ಕಾಫಿ ಹೀರುವುದಕ್ಕೋ ಕಟ್ಟಿಸಿದ ಕಟ್ಟೆ ಈ ಎರಡರಲ್ಲಿ ಯಾವುದಕ್ಕೆ ಹತ್ತಿರವೆಂಬುದನ್ನು ನೀವೇ ಯೋಚಿಸಿ.

‘ನಮ್ಮದು ಸಣ್ಣದು ಬಿಡಿ’ ಎಂಬ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಒಂದು ಎಕರೆ ಹರವಿನ, ಸರಾಸರಿ ಎರಡು ಮೀಟರ್ ಆಳದ ಕಟ್ಟೆಯಲ್ಲಿ ಸುಮಾರು 8,000 ಘನ ಮೀಟರ್, ಅಂದರೆ 80 ಲಕ್ಷ ಲೀಟರ್ ನೀರು ಇರುತ್ತದೆ. ಏರಿ ಬಾಯಿ ಬಿಟ್ಟು ಅದು ಹತ್ತು ನಿಮಿಷದಲ್ಲಿ ಖಾಲಿಯಾಯಿತೆಂದುಕೊಳ್ಳಿ. ಸೆಕೆಂಡಿಗೆ ಸರಾಸರಿ 13 ಟನ್ ನೀರು, ಮಣ್ಣನ್ನೂ ಕಲ್ಲನ್ನೂ ಹೊತ್ತುಕೊಂಡು ಕೆಳಗಿನ ತೋಟದ ಶೆಡ್ಡಿನ ಕಡೆಗೆ ಹೊರಟಿತೆಂದು ಅರ್ಥ. ಆ ಶೆಡ್ಡಿನಲ್ಲಿ ಸಾಮಾನ್ಯವಾಗಿ ಕೂಲಿಯವರ ಕುಟುಂಬ ಮಲಗಿರುತ್ತದೆ. ಕೀನ್ಯಾ ದೇಶದ ಸೊಲಾಯ್ ಎಂಬಲ್ಲಿ 2018ರ ಮೇ 9ರ ರಾತ್ರಿ ಒಡೆದದ್ದು ಒಂದು ಖಾಸಗಿ ತೋಟದ ಮಣ್ಣಿನ ಕಟ್ಟೆ. ವಾರಗಟ್ಟಲೆ ಮಳೆ ಸುರಿದಿತ್ತು. ಕೆಳಗಿದ್ದ ವಸತಿಯಲ್ಲಿ ಕನಿಷ್ಠ 47 ಜನ ಸತ್ತರು.

ಮಣ್ಣಿನ ಏರಿಗಳು ಸಾಯುವುದಕ್ಕೆ ಮುಖ್ಯವಾಗಿ ಮೂರು ದಾರಿ: ನೀರು ನೆತ್ತಿಯ ಮೇಲೆ ಉಕ್ಕಿ ಹರಿಯುವುದು, ಒಡಲೊಳಗೆ ಕೊರೆದುಕೊಂಡು ಹೋಗುವುದು, ಇಳಿಜಾರು ಜಾರಿ ಕುಸಿಯುವುದು. ಕಾಂಕ್ರೀಟಿನ ಅಣೆಕಟ್ಟಿನ ಮೇಲೆ ಒಂದಿಷ್ಟು ನೀರು ಹರಿದರೂ ಅದು ತಡೆದೀತು. ಮಣ್ಣಿನ ಏರಿಯ ಮೇಲೆ ನೀರು ಹರಿಯಲು ತೊಡಗಿದರೆ ಹೊರಮೈಯ ಮಣ್ಣು ಬುಡದಿಂದ ಮೇಲಕ್ಕೆ ಕಿತ್ತುಹೋಗುತ್ತ, ಹೆಚ್ಚೆಂದರೆ ಒಂದೆರಡು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಹೀಗಾಗದಂತೆ ಕಾಯುವುದು ಕೋಡಿ, ಅಂದರೆ ಹೆಚ್ಚಾದ ನೀರು ಹೊರಗೆ ಹರಿದುಹೋಗಲು ಬಿಟ್ಟ ದಾರಿ. ನಾನು ಖಾಸಗಿ ಕಟ್ಟೆಗಳನ್ನು ನೋಡಲು ಹೋದಾಗ ಮಾಲೀಕರು ಏರಿಯನ್ನು ತೋರಿಸುತ್ತಾರೆ, ನಾನು ಕೋಡಿಯನ್ನು ಹುಡುಕುತ್ತೇನೆ. ಹತ್ತರಲ್ಲಿ ನಾಲ್ಕೈದು ಕಡೆ ನನಗೆ ಸಿಗುವುದು ಏರಿಯ ತಲೆಯಿಂದ ಎರಡಡಿ ಕೆಳಗೆ ತೂರಿಸಿಟ್ಟ ಒಂದು ಆರಿಂಚಿನ ಪಿವಿಸಿ ಪೈಪು.

ಆ ಪೈಪಿನ ಲೆಕ್ಕವನ್ನು ಒಮ್ಮೆ ಮಾಡೋಣ. ನಿಮ್ಮ ಕಟ್ಟೆಗೆ 40 ಎಕರೆ ಜಾಗದ ಮಳೆನೀರು ಇಳಿದು ಬರುತ್ತದೆ ಎಂದುಕೊಳ್ಳಿ. ನಿಮ್ಮ ಜಮೀನು ಐದೇ ಎಕರೆ ಇರಬಹುದು. ನೀರಿಗೆ ಪಹಣಿ ಗೊತ್ತಿಲ್ಲ, ಮೇಲಿನವರ ಹೊಲದ್ದೂ ರಸ್ತೆಯದ್ದೂ ಸೇರಿಕೊಂಡೇ ಬರುತ್ತದೆ. ನೆಲ ಮೊದಲೇ ನೆನೆದಿರುವ ಅಕ್ಟೋಬರಿನ ಒಂದು ಸಂಜೆ ಗಂಟೆಗೆ 60 ಮಿಲಿಮೀಟರ್ ವೇಗದಲ್ಲಿ ಮಳೆ ಸುರಿದು, ಬಿದ್ದದ್ದರಲ್ಲಿ ಅರ್ಧ ಹರಿದು ಬಂದರೂ ಸೆಕೆಂಡಿಗೆ 1,300 ಲೀಟರಿಗಿಂತ ಹೆಚ್ಚು ನೀರು ಕಟ್ಟೆಗೆ ನುಗ್ಗುತ್ತದೆ. ಆರಿಂಚಿನ ಪೈಪಿನ ಬಾಯಿಯ ಮೇಲೆ ಒಂದು ಮೀಟರ್ ನೀರು ನಿಂತಿದ್ದರೂ ಅದು ಸಾಗಿಸುವುದು ಸೆಕೆಂಡಿಗೆ ಸುಮಾರು 50 ಲೀಟರ್. ಇಪ್ಪತ್ತೇಳು ಪೈಪು ಬೇಕು. ಅಷ್ಟು ಹೊತ್ತಿಗೆ ಹರಿದು ಬಂದ ಲಂಟಾನದ ಕಡ್ಡಿ, ಮಾವಿನ ತರಗೆಲೆ, ಮೇಲಿನ ಹೊಲದ ಪ್ಲಾಸ್ಟಿಕ್ ಹಾಳೆ ಬಾಯಿಗೆ ಸಿಕ್ಕಿಕೊಂಡು ಇರುವ ಒಂದು ಪೈಪೂ ಮುಚ್ಚಿಹೋಗಿರುತ್ತದೆ. ಅದೇ ನೀರನ್ನು ಒಂದಡಿ ದಪ್ಪದಲ್ಲಿ ಬಿಡುವ ತೆರೆದ ಕೋಡಿಯ ಪ್ರತಿ ಮೀಟರ್ ಅಗಲವೂ ಸೆಕೆಂಡಿಗೆ ಸುಮಾರು 280 ಲೀಟರ್ ಸಾಗಿಸುತ್ತದೆ. ಐದು ಮೀಟರ್ ಅಗಲ ಸಾಕು. ಸಣ್ಣ ಜಲಾನಯನದಲ್ಲಿ ಕಾಲು ಗಂಟೆಯ ಬಿರುಮಳೆಯೇ ನಿರ್ಣಾಯಕ, ಅಷ್ಟು ಹೊತ್ತಿನ ಮಟ್ಟಿಗೆ ಅದು ಗಂಟೆಗೆ 100 ಮಿಲಿಮೀಟರ್ ವೇಗ ಮುಟ್ಟುವುದು ಈ ಭಾಗದಲ್ಲಿ ಅಪರೂಪವೇನಲ್ಲ. ಆದ್ದರಿಂದ ನಾನಾದರೆ ಎಂಟು ಮೀಟರ್ ಬಿಡುತ್ತೇನೆ. ಎಂಟು ಮೀಟರ್ ಅಗಲದ ಹುಲ್ಲು ಬೆಳೆದ ಕೋಡಿಗೆ ತಗಲುವ ಖರ್ಚು, ಏರಿಯ ಮೇಲೆ ಹಾಸುವ ಬಣ್ಣದ ಇಟ್ಟಿಗೆಯ ಖರ್ಚಿಗಿಂತ ಕಡಿಮೆ.

ಕೋಡಿ ಇರಬೇಕಾದ ಜಾಗ ಏರಿಯ ಪಕ್ಕದ ಗಟ್ಟಿನೆಲ. ಹೊಸದಾಗಿ ತುಂಬಿದ ಮಣ್ಣಿನ ಮೇಲೆ ಕೋಡಿ ಮಾಡಿದರೆ ಒಡೆಯುವ ಜಾಗವನ್ನು ನಾವೇ ಗುರುತು ಮಾಡಿಕೊಟ್ಟಂತೆ. ಹರಿದ ನೀರು ಏರಿಯ ಬುಡವನ್ನು ಸವರದೆ ದೂರದಲ್ಲಿ ಹಳ್ಳ ಸೇರಬೇಕು. ಕೋಡಿಯ ಹೊಸ್ತಿಲಿಗಿಂತ ಏರಿಯ ನೆತ್ತಿ ಕನಿಷ್ಠ ಮೂರಡಿ ಎತ್ತರವಿರಬೇಕು, ಏಕೆಂದರೆ ಒಂದಡಿ ಹರಿಯುವ ನೀರಿಗೆ, ಉಳಿದದ್ದು ಅಲೆಗೆ ಮತ್ತು ನಮ್ಮ ಲೆಕ್ಕದ ತಪ್ಪಿಗೆ. ಇಷ್ಟು ಮಾಡಿದ ಮೇಲೂ ಒಂದು ಆಸೆ ಕಾಡುತ್ತದೆ. ಕೋಡಿ ಹರಿಯುವಾಗ ‘ಅಯ್ಯೋ, ನೀರು ಸುಮ್ಮನೆ ಹೋಗುತ್ತಿದೆ’ ಎಂದು ಮರಳು ಚೀಲ ಪೇರಿಸಿಯೋ ಹಲಗೆ ಇಟ್ಟೋ ಇನ್ನೊಂದಡಿ ನಿಲ್ಲಿಸಿಕೊಳ್ಳುವ ಆಸೆ. ಊರ ಕೆರೆಗಳಲ್ಲಿ ಕೋಡಿ ಎತ್ತರಿಸುವ ವಿಚಾರಕ್ಕೆ ನೀರು ಏರಿದರೆ ಹೊಲ ಮುಳುಗುವ ಕೆರೆಯಂಗಳದ ಕಡೆಯ ರೈತರಿಗೂ ಅಚ್ಚುಕಟ್ಟಿನವರಿಗೂ ತಲೆಮಾರುಗಟ್ಟಲೆ ಜಗಳ ನಡೆದದ್ದುಂಟು. ಆ ಜಗಳದಿಂದ ಒಂದು ಉಪಕಾರವಾಗುತ್ತಿತ್ತು: ಯಾರೊಬ್ಬರೂ ಗುಟ್ಟಾಗಿ ಕೋಡಿ ಕಟ್ಟುವಂತಿರಲಿಲ್ಲ. ನಿಮ್ಮ ಕಟ್ಟೆಯಲ್ಲಿ ಜಗಳಕ್ಕೆ ಬರುವವರು ಯಾರೂ ಇಲ್ಲ.

ಕೋಡಿಯ ಮೇಲೆ ಕೈಯಾಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಕಟ್ಟೆಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಕಾಲುವೆಗೆ ನೀರೊದಗಿಸಲು ಅಲ್ಲಿನ ರಾಜ್ಯ ಸರ್ಕಾರ ಕಟ್ಟಿಸಿದ್ದ ಮಣ್ಣಿನ ಅಣೆಕಟ್ಟು, ಕೈಯಿಂದ ಕೈಗೆ ಮಾರಾಟವಾಗಿ ಕೊನೆಗೆ ಶ್ರೀಮಂತರ ಮೀನುಗಾರಿಕೆ ಕ್ಲಬ್ಬೊಂದಕ್ಕೆ ಸೇರಿತು. ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿಯೂ ಅದರ ಸದಸ್ಯರಾಗಿದ್ದರು. ಅದಕ್ಕೂ ಮೊದಲೇ ಮಾಲೀಕರೊಬ್ಬರು ತಳದ ತೂಬಿನ ಎರಕದ ಕಬ್ಬಿಣದ ಪೈಪುಗಳನ್ನು ಕಿತ್ತು ಗುಜರಿಗೆ ಮಾರಿದ್ದರು. ಅಂದಿನಿಂದ ನೀರಿನ ಮಟ್ಟ ಇಳಿಸುವ ದಾರಿಯೇ ಇರಲಿಲ್ಲ. ಕ್ಲಬ್ಬಿನವರು ಸಾರೋಟುಗಳು ಓಡಾಡಲಿ ಎಂದು ಏರಿಯ ನೆತ್ತಿಯನ್ನು ತಗ್ಗಿಸಿ ಅಗಲ ಮಾಡಿದರು. ಬಿಟ್ಟ ಮೀನು ತಪ್ಪಿಸಿಕೊಂಡು ಹೋಗದಿರಲೆಂದು ಕೋಡಿಗೆ ಜಾಲರಿ ಹಾಕಿದರು. 1889ರ ಮೇ 31ರಂದು ಮಳೆಗೆ ಕೊಚ್ಚಿ ಬಂದ ಕಸ ಆ ಜಾಲರಿಗೆ ಕಚ್ಚಿಕೊಂಡಿತು, ನೀರು ತಗ್ಗಿಸಿದ ನೆತ್ತಿಯ ಮೇಲೆ ಹರಿಯಿತು, ಮಧ್ಯಾಹ್ನ ಏರಿ ಹೋಯಿತು. ಸುಮಾರು 22 ಕಿಲೋಮೀಟರ್ ಕೆಳಗಿನ ಜಾನ್ಸ್‌ಟೌನ್ ಕೊಚ್ಚಿಹೋಗಿ 2,209 ಜನ ಸತ್ತರೆಂದು ದಾಖಲೆ. ನಮ್ಮ ಸಭೆಯಲ್ಲಿ ಕಟ್ಲಾ, ರೋಹು ಬಿಟ್ಟವರು ಎಷ್ಟು ಜನ ಎಂದು ಕೇಳಿದಾಗ ಮೇಲೆದ್ದ ಕೈಗಳನ್ನು ನೋಡಿದೆ. ಜಾಲರಿಯನ್ನು ಮುಂಗಾರು ಶುರುವಾಗುವ ಮೊದಲು ತೆಗೆಯಿರಿ, ಹಿಂಗಾರು ಮುಗಿದ ಮೇಲೆ ಬೇಕಾದರೆ ಹಾಕಿಕೊಳ್ಳಿ. ನಾಲ್ಕು ಮೀನು ಹೋದರೆ ಹೋಗಲಿ.

ಎರಡನೆಯ ಸಾವಿಗೆ, ಅಂದರೆ ನೀರು ಒಡಲೊಳಗೆ ಕೊರೆದುಕೊಂಡು ಹೋಗುವುದಕ್ಕೆ, ಮಳೆ ಬೇಕಿಲ್ಲ. ಕಡಪ ಜಿಲ್ಲೆಯ ಪೋರುಮಾಮಿಳ್ಳ ಕೆರೆಯ ಬಳಿ, ಬುಕ್ಕರಾಯನ ಮಗ ಭಾಸ್ಕರ ಭವದೂರ 1369ರಲ್ಲಿ ಬರೆಸಿದ ಶಾಸನವೊಂದಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಆರು ದೋಷಗಳನ್ನೂ ಅದು ಪಟ್ಟಿ ಮಾಡುತ್ತದೆ. ಏರಿಯಿಂದ ನೀರು ಒಸರುವುದು ಆ ದೋಷಗಳಲ್ಲಿ ಒಂದು. ಮಣ್ಣಿನ ಏರಿ ಎಂದೂ ಪೂರ್ತಿ ಒಣಗಿರುವುದಿಲ್ಲ, ಒಂದಿಷ್ಟು ಒಸರು ಎಲ್ಲದರಲ್ಲೂ ಇರುತ್ತದೆ. ಒಸರುವ ನೀರು ಮಣ್ಣಿನ ಕಣವನ್ನು ಹೊತ್ತು ತರಲು ತೊಡಗಿದಾಗ ಅಪಾಯ ಶುರು. ಹೊರಗಿನ ಬಾಯಿಯಿಂದ ಒಳಕ್ಕೆ ಒಂದು ಸುರಂಗ ಬೆಳೆಯುತ್ತದೆ, ಅದು ಒಳಮೈಯ ನೀರನ್ನು ಮುಟ್ಟಿದ ಕ್ಷಣದಿಂದ ಮುಂದಿನದು ಕೆಲವೇ ಗಂಟೆಗಳ ಮಾತು. ಅಮೆರಿಕದ ಐಡಹೋದಲ್ಲಿ ಸುಮಾರು 93 ಮೀಟರ್ ಎತ್ತರದ, ಪರಿಣತ ಸರ್ಕಾರಿ ಎಂಜಿನಿಯರುಗಳೇ ಕಟ್ಟಿದ ಟೀಟನ್ ಅಣೆಕಟ್ಟು 1976ರ ಜೂನ್ 5ರಂದು ಹೀಗೆಯೇ ಹೋಯಿತು. ಬೆಳಿಗ್ಗೆ ಕೆಸರು ನೀರಿನ ಒಸರು ಕಂಡಿತು, ಮಧ್ಯಾಹ್ನದ ಊಟದ ಹೊತ್ತಿಗೆ ಅಣೆಕಟ್ಟು ಇರಲಿಲ್ಲ. ಅದು ಮೊದಲ ಸಲ ನೀರು ತುಂಬುತ್ತಿದ್ದ ಕಾಲ. ಹೊಸ ಏರಿಗೆ ಮೊದಲ ತುಂಬುವಿಕೆಯೇ ಕಠಿಣ ಪರೀಕ್ಷೆಯಾದ್ದರಿಂದ, ಸಾಧ್ಯವಾದಷ್ಟು ನಿಧಾನವಾಗಿ, ದಿನವೂ ಬುಡ ನೋಡುತ್ತ ತುಂಬಿಸಬೇಕು.

ಮಾಗಡಿ ಕಡೆಯ ಒಂದು ತೋಟದ ವಿಷಯ ಹೇಳುತ್ತೇನೆ. ಮಾಲೀಕರು ನನಗೆ ಪರಿಚಿತರು. ಮಾರ್ಚಿ ತಿಂಗಳ ಒಂದು ಮಧ್ಯಾಹ್ನ ಅವರ ಕಟ್ಟೆಯ ಮೇಲೆ ನಡೆಯುತ್ತಿದ್ದೆವು. ಸುತ್ತಲ ಹುಲ್ಲೆಲ್ಲ ಒಣಗಿ ಬೆಳ್ಳಗಾಗಿತ್ತು. ಏರಿಯ ಹೊರಮೈಯಲ್ಲಿ, ಬುಡದಿಂದ ಆಳೆತ್ತರ ಮೇಲೆ, ಎರಡು ಮಂಚದಷ್ಟು ಜಾಗ ಮಾತ್ರ ಹಚ್ಚಹಸಿರಾಗಿತ್ತು. ತೋಟ ನೋಡಿಕೊಳ್ಳುವ ಹಿರಿಯರನ್ನು ಕೇಳಿದರೆ, “ಅಲ್ಲಿ ಬೇಸಿಗೇಲೂ ಹುಲ್ಲು ಹಿಂಗೇ ಇರ್ತದೆ ಸಾರ್, ಹಸೂಗೆ ಅಲ್ಲೇ ಕೊಯ್ಯೋದು” ಎಂದರು. ಎರಡು ವರ್ಷದಿಂದ ಅಲ್ಲಿ ಹುಲ್ಲು ಕೊಯ್ಯುತ್ತಿದ್ದರು. ಹುಲ್ಲು ಸರಿಸಿ ಮಣ್ಣು ಒತ್ತಿದರೆ ಬೆರಳು ಎರಡು ಗೆಣ್ಣಿನಷ್ಟು ಇಳಿಯಿತು. ಸ್ವಲ್ಪ ಕೆಳಗೆ ಹೆಬ್ಬೆರಳ ಗಾತ್ರದ ಒಂದು ರಂಧ್ರದಿಂದ ನೀರು ಎಳೆಯಾಗಿ ಇಳಿಯುತ್ತಿತ್ತು. ಬಿಳಿ ಸ್ಟೀಲ್ ಲೋಟದಲ್ಲಿ ಹಿಡಿದು ಹತ್ತು ನಿಮಿಷ ಇಟ್ಟೆವು. ತಳದಲ್ಲಿ ಏನೂ ಕೂರಲಿಲ್ಲ. ನೀರು ತಿಳಿಯಾಗಿತ್ತು. ಅದೇ ನೀರು ಕೆಂಪಗಿದ್ದಿದ್ದರೆ ನಾನು ಆ ದಿನವೇ ಮೋಟಾರು ಹಾಕಿಸಿ ಕಟ್ಟೆ ಇಳಿಸಲು ಹೇಳುತ್ತಿದ್ದೆ.

ಇಂಥ ಒಸರನ್ನು ಕಂಡವರು ಮೊದಲು ಮಾಡುವ ಕೆಲಸ ಹೊರಗಿನಿಂದ ಜೇಡಿಮಣ್ಣೋ ಸಿಮೆಂಟೋ ಮೆತ್ತಿ ಬಾಯಿ ಮುಚ್ಚುವುದು. ಇದು ತಪ್ಪು. ಮುಚ್ಚಿದ ನೀರು ಏರಿಯೊಳಗೇ ಒತ್ತಡ ಹೆಚ್ಚಿಸಿಕೊಂಡು ಬೇರೊಂದು ಕಡೆ ಬಾಯಿ ಮಾಡುತ್ತದೆ. ನೀರನ್ನು ಬಿಡಬೇಕು, ಮಣ್ಣನ್ನು ತಡೆಯಬೇಕು. ನಾವು ಹಸಿ ಜಾಗದ ಮೇಲೆ ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಆಮೇಲೆ ದಪ್ಪ ಜಲ್ಲಿ ಹೀಗೆ ಪದರ ಪದರವಾಗಿ ಹಾಸಿ, ಬುಡದಲ್ಲಿ ಒಂದು ಸಣ್ಣ ಕಾಲುವೆ ತೆಗೆದು, ಸೋಸಿ ಬಂದ ನೀರು ಒಂದೇ ಪೈಪಿನಲ್ಲಿ ಬೀಳುವಂತೆ ಮಾಡಿದೆವು. ಪೈಪಿನ ಕೆಳಗೆ ಇಪ್ಪತ್ತು ಲೀಟರಿನ ಬಕೆಟ್ ಇಟ್ಟು, ತುಂಬಲು ಎಷ್ಟು ಹೊತ್ತಾಯಿತೆಂದು ಗಡಿಯಾರ ನೋಡಿ ಬರೆದುಕೊಂಡೆವು. ಕಟ್ಟೆಯೊಳಗೆ ಮೀಟರ್ ಗುರುತು ಹಾಕಿದ ಒಂದು ಕಲ್ಲುಕಂಬ ನೆಟ್ಟೆವು. ತೋಟದ ಹಿರಿಯರಿಗೆ ಒಂದು ನೋಟ್ ಪುಸ್ತಕ ಕೊಟ್ಟೆವು. ಭಾನುವಾರಕ್ಕೊಮ್ಮೆ, ಮಳೆಗಾಲದಲ್ಲಿ ದಿನಕ್ಕೊಮ್ಮೆ ಮೂರು ಸಂಗತಿ ಬರೆಯುವುದು: ನೀರಿನ ಮಟ್ಟ, ಬಕೆಟ್ ತುಂಬಿದ ಹೊತ್ತು, ನೀರಿನ ಬಣ್ಣ. ಮಟ್ಟ ಹೆಚ್ಚಾದಾಗ ಬಕೆಟ್ ಬೇಗ ತುಂಬುವುದು ಸಹಜ. ಮಟ್ಟ ಅಷ್ಟೇ ಇದ್ದು ಬಕೆಟ್ ಬೇಗ ತುಂಬತೊಡಗಿದರೆ ಒಳಗೆ ಏನೋ ಅಗಲವಾಗುತ್ತಿದೆ ಎಂದರ್ಥ.

ಕಟ್ಟುವಾಗ ಮಾಡುವ ತಪ್ಪುಗಳೇ ಮುಂದೆ ಹೀಗೆ ಕಾಣಿಸಿಕೊಳ್ಳುತ್ತವೆ. ಜೆಸಿಬಿ ಮಣ್ಣು ಸುರಿದು ಅದರ ಮೇಲೆ ನಾಲ್ಕು ಸಲ ಓಡಾಡಿದರೆ ಏರಿ ಗಟ್ಟಿಯಾಯಿತೆಂದು ಬಹಳ ಜನ ನಂಬಿದ್ದಾರೆ. ಮಣ್ಣನ್ನು ಅರ್ಧ ಅಡಿ ಪದರಗಳಲ್ಲಿ ಹರಡಿ, ಹದವಾದ ತೇವದಲ್ಲಿ ರೋಲರ್ ಹಾಯಿಸಬೇಕು. ಹದ ಎಂದರೆ, ಹಿಡಿಯಲ್ಲಿ ಉಂಡೆ ಕಟ್ಟಿದರೆ ನಿಲ್ಲಬೇಕು, ಅಂಗೈಗೆ ಅಂಟಬಾರದು. ತಳದ ಸಡಿಲ ಮಣ್ಣನ್ನೂ ಬೇರನ್ನೂ ತೆಗೆದು, ಗಟ್ಟಿನೆಲಕ್ಕೆ ಕಚ್ಚುವಂತೆ ಜೇಡಿಮಣ್ಣಿನ ಕಂದಕ ತುಂಬಬೇಕು. ನಮ್ಮ ಸುತ್ತಿನ ಜೇಡಿ ಬೆರೆತ ಕೆಂಪುಮಣ್ಣು ಈ ಕೆಲಸಕ್ಕೆ ಒಳ್ಳೆಯದು. ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಬರೀ ಅದರಿಂದ ಏರಿ ಮಾಡಬಾರದು. ಒಂದಡಿ ಎತ್ತರಕ್ಕೆ ಒಳಮೈಯಲ್ಲಿ ಎರಡೂವರೆಯಿಂದ ಮೂರಡಿ, ಹೊರಮೈಯಲ್ಲಿ ಎರಡಡಿ ಅಡ್ಡಕ್ಕೆ ಚಾಚುವ ಇಳಿಜಾರು ಕೊಡಬೇಕು. ಜಾಗ ಉಳಿಸಲು ಗೋಡೆಯಂತೆ ನೆಟ್ಟಗೆ ನಿಲ್ಲಿಸಿದ ಏರಿಗಳನ್ನು ಕಂಡಿದ್ದೇನೆ, ಅವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಏರಿಯನ್ನು ಅಡ್ಡ ಹಾಯುವ ಪೈಪು ಎಲ್ಲಕ್ಕಿಂತ ದುರ್ಬಲ ಜಾಗ, ಏಕೆಂದರೆ ಅದರ ಹೊಟ್ಟೆಯ ಕೆಳಗಿನ ಮಣ್ಣನ್ನು ಯಾವ ರೋಲರೂ ಒತ್ತಲಾರದು. ಅಲ್ಲಿ ಕೈಯಿಂದ ದಮ್ಮಸ್ಸು ಹೊಡೆಯಬೇಕು, ಹೊರಗಿನ ತುದಿಯ ಸುತ್ತ ಮರಳಿನ ಸೋಸುಪದರ ಕೊಡಬೇಕು.

ಏರಿಯ ಮೇಲೆ ಮರ ಬೇಡ. ಇದನ್ನು ಹೇಳಿದಾಗಲೆಲ್ಲ ನಮ್ಮ ಸಭಿಕರ ಮುಖ ಬಾಡುತ್ತದೆ, ಹೊಂಗೆಯ ನೆರಳಲ್ಲಿ ಒಂದು ಕಲ್ಲುಬೆಂಚು ಹಾಕಬೇಕೆಂದು ಎಲ್ಲರಿಗೂ ಆಸೆ. ಬದುಕಿರುವಾಗ ಮರ ಗಾಳಿಗೆ ಅಲುಗಿ ಮಣ್ಣು ಸಡಿಲಿಸುತ್ತದೆ, ಸತ್ತ ಮೇಲೆ ಅದರ ಬೇರು ಕೊಳೆತ ಜಾಗ ನೀರಿಗೆ ಸಿದ್ಧ ಕೊಳವೆಯಾಗುತ್ತದೆ. ಗರಿಕೆ ಸಾಕು. ಪೊದೆ ಸವರಿ ಮೈ ಕಾಣುವಂತೆ ಇಟ್ಟುಕೊಂಡರೆ ಹುತ್ತ, ಬಿಲ, ಬಿರುಕು ಎಲ್ಲವೂ ತಾವಾಗಿ ಕಣ್ಣಿಗೆ ಬೀಳುತ್ತವೆ.

ಇನ್ನು ನೀರಿನ ಲೆಕ್ಕ. ಬೆಂಗಳೂರು ಸುತ್ತ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಆಸುಪಾಸು ಮಳೆಯಾಗುತ್ತದೆ, ಅದರಲ್ಲಿ ದೊಡ್ಡ ಪಾಲು ಆಗಸ್ಟಿನಿಂದ ಅಕ್ಟೋಬರಿನವರೆಗೆ. ಬೇಸಿಗೆಯಲ್ಲಿ ತೆರೆದ ನೀರಿನಿಂದ ದಿನಕ್ಕೆ 6 ಮಿಲಿಮೀಟರ್ ಆವಿಯಾಗುತ್ತದೆ ಎಂದಿಟ್ಟುಕೊಳ್ಳಿ. ಒಂದು ಎಕರೆ ಹರವಿಗೆ ಅದು ದಿನಕ್ಕೆ 24,000 ಲೀಟರ್, ನಮ್ಮ ಬೀದಿಗೆ ಬರುವ 12,000 ಲೀಟರಿನ ಟ್ಯಾಂಕರಿನ ಎರಡು ಲೋಡು. ಹರವು ಕುಗ್ಗದೆ ಇದ್ದರೆ ನಾಲ್ಕು ತಿಂಗಳಿಗೆ 29 ಲಕ್ಷ ಲೀಟರ್ ಆಯಿತು. 80 ಲಕ್ಷದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಬಿಸಿಲಿನ ಪಾಲು. ಇದನ್ನು ತಿಳಿದವರು ಕೂಡಲೇ ಏರಿ ಎತ್ತರಿಸುವ ಮಾತಾಡುತ್ತಾರೆ. ನನ್ನ ಸಲಹೆ ಬೇರೆ. ಕಟ್ಟೆಯ ಅಂಗಳವನ್ನು ಅಗೆದು ಆಳ ಮಾಡಿ, ಹರವು ಕಿರಿದಾಗಿಸಿ. ನೆಲಮಟ್ಟಕ್ಕಿಂತ ಕೆಳಗಿರುವ ನೀರು ಏರಿ ಒಡೆದರೂ ಎಲ್ಲಿಗೂ ಹೋಗುವುದಿಲ್ಲ, ಮೇಲಿರುವ ಒಂದೊಂದು ಅಡಿಯೂ ಕೆಳಗಿನವರ ತಲೆಯ ಮೇಲೆ ಇರುತ್ತದೆ. ಅಗೆಯುವಾಗ ಏರಿಯ ಒಳಬುಡದಿಂದ ಸಾಕಷ್ಟು ದೂರ ಬಿಡಿ, ಮತ್ತು ತಳದ ಜೇಡಿಪದರ ಹರಿಯುವಷ್ಟು ಆಳಕ್ಕೆ ಹೋಗಬೇಡಿ.

ಕಟ್ಟೆಯ ನೀರು ಇಳಿಯುತ್ತಿದೆ, ಅದು ಆವಿಯೋ ಸೋರಿಕೆಯೋ ಎಂಬ ಅನುಮಾನ ಬಂದರೆ, ಅಗಲ ಬಾಯಿಯ ಟಬ್ಬೊಂದನ್ನು ತುಂಬಿಸಿ, ತುಳುಕದಂತೆ ಕಟ್ಟೆಯ ನೀರಿನಲ್ಲೇ ಅರ್ಧ ಮುಳುಗಿಸಿ ನಿಲ್ಲಿಸಿ. ತೂಬು ಮುಚ್ಚಿ, ಮಳೆಯಿಲ್ಲದ ಒಂದು ವಾರ ಬಿಟ್ಟು ನೋಡಿದಾಗ ಟಬ್ಬಿನಲ್ಲಿ 40 ಮಿಲಿಮೀಟರ್, ಕಟ್ಟೆಯಲ್ಲಿ 90 ಮಿಲಿಮೀಟರ್ ಇಳಿದಿದ್ದರೆ ನಡುವಿನ 50 ಎಲ್ಲಿಗೆ ಹೋಯಿತೆಂದು ಹುಡುಕಬೇಕು. ಬೇರೆ ಬೇರೆ ಕಾರಣಕ್ಕೆ ಕಟ್ಟೆ ಖಾಲಿ ಮಾಡುವವರು ಇನ್ನೊಂದು ವಿಷಯ ನೆನಪಿಡಬೇಕು. ದೊಡ್ಡ ಮೋಟಾರು ಇಟ್ಟು ಒಂದೆರಡು ದಿನದಲ್ಲಿ ನೀರೆಲ್ಲ ಎತ್ತಿದರೆ, ನೆನೆದ ಒಳಮೈಗೆ ಅದುವರೆಗೆ ಆಸರೆಯಾಗಿದ್ದ ನೀರು ಇಲ್ಲವಾಗಿ ಮಣ್ಣು ಜಾರುತ್ತದೆ; ಮೊದಲು ಹೇಳಿದ ಮೂರನೆಯ ಸಾವು ಇದು. ದಿನಕ್ಕೆ ಒಂದಡಿಗಿಂತ ಹೆಚ್ಚು ಇಳಿಸದಿರುವುದು ರೂಢಿಯ ಎಚ್ಚರ. ಏರಿಯೇ ಹೋಗುವ ಹಾಗಿದ್ದಾಗ ಮಾತ್ರ ಈ ನಿಯಮ ಕೈಬಿಡಬೇಕು.

ಅಂಥ ರಾತ್ರಿ ಬಂದರೆ ಮೊದಲ ಫೋನು ಕೆಳಗಿನ ತೋಟದವರಿಗೆ. ಅವರ ನಂಬರು ನಿಮ್ಮ ಬಳಿ ಇದೆಯೇ ಎಂದು ಕೇಳಿದಾಗ ಸಭೆಯಲ್ಲಿ ಮೂರೇ ಕೈ ಮೇಲೆದ್ದವು. ಆಮೇಲೆ ಕೋಡಿಯ ಕಸ ತೆಗೆಯುವುದು, ತೂಬು ಎತ್ತುವುದು, ನಾಲ್ಕಿಂಚಿನ ಎಚ್‌ಡಿಪಿಇ ಪೈಪುಗಳನ್ನು ನೀರು ತುಂಬಿ ಏರಿಯ ಮೇಲಿನಿಂದ ಇಳಿಬಿಟ್ಟು ಸೈಫನ್ ಹರಿಸುವುದು. ಏರಿಯನ್ನು ಒಂದು ಕಡೆ ‘ಸ್ವಲ್ಪ’ ಕಡಿದು ನೀರು ಬಿಡುವ ಯೋಚನೆ ಯಾರಿಗೂ ಬರಬಾರದು. 2019ರ ನವೆಂಬರ್ 24ರ ಭಾನುವಾರ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿದ್ದನ್ನು ನೀವೆಲ್ಲ ಬಲ್ಲಿರಿ. ಏರಿಯನ್ನು ಅಗೆದ ಜಾಗದಲ್ಲೇ ಅದು ಬಾಯಿ ಬಿಟ್ಟಿತೆಂದು ಆಗಿನ ಪತ್ರಿಕೆಗಳು ಬರೆದವು. ತುಂಬಿದ ಕೆರೆಯ ಮಣ್ಣಿನಲ್ಲಿ ಒಂದು ಗುದ್ದಲಿಯಗಲದ ಕಾಲುವೆಯನ್ನು ಅಷ್ಟೇ ಅಗಲದಲ್ಲಿ ಉಳಿಸಿಕೊಳ್ಳಲು ಯಾರಿಂದಲೂ ಆಗದು.

ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಗಳ ಬಗ್ಗೆ ಒಬ್ಬರು ಕೇಳಿದರು. ಹಾಸು ಸೋರಿಕೆಯನ್ನು ತಡೆಯುತ್ತದೆ, ಆದರೆ ಅದರ ಮೇಲೆ ಕಾಲು ನಿಲ್ಲದು. ಬಿದ್ದ ಮಗು, ಅದನ್ನು ಎತ್ತಲು ಇಳಿದ ತಾಯಿ, ಇಬ್ಬರೂ ಮೇಲೆ ಬರಲಾಗದ ಸುದ್ದಿಯನ್ನು ಪತ್ರಿಕೆಯಲ್ಲಿ ಮತ್ತೆ ಮತ್ತೆ ಓದುತ್ತೇವೆ. ಸುತ್ತ ಬೇಲಿ, ನಾಲ್ಕೂ ದಡದಿಂದ ನೀರಿಗೆ ಇಳಿಬಿಟ್ಟ ಗಂಟು ಹಾಕಿದ ಹಗ್ಗ, ಗಾಳಿ ತುಂಬಿದ ಒಂದು ಹಳೆಯ ಟ್ಯೂಬು. ಇದಕ್ಕೆ ಎಂಜಿನಿಯರ್ ಬೇಕಿಲ್ಲ, ನಾಳೆಯೇ ಮಾಡಬಹುದು.

ಮಾಗಡಿ ಕಡೆಯ ಆ ತೋಟಕ್ಕೆ ಆಮೇಲೆ ಹಲವು ಸಲ ಹೋಗಿದ್ದೇನೆ. ಆರಿಂಚಿನ ಪೈಪಿನ ಜಾಗದಲ್ಲಿ ಈಗ ಏಳು ಮೀಟರ್ ಅಗಲದ ಕೋಡಿ ಇದೆ, ಎಂಟಕ್ಕೆ ಮಾಲೀಕರು ಒಪ್ಪಲಿಲ್ಲ, ಒಂದು ಹಲಸಿನ ಮರ ಅಡ್ಡವಿತ್ತು. ನೋಟ್ ಪುಸ್ತಕವನ್ನು ಪಂಪ್‌ಹೌಸಿನ ಮೊಳೆಗೆ ತೂಗುಹಾಕಿದ್ದಾರೆ. ಮೊದಲ ವರ್ಷದ ಅಕ್ಟೋಬರಿನ ಒಂದು ಸಾಲಿನಲ್ಲಿ ‘2.6 ಮೀ., 5 ನಿಮಿಷ, ತಿಳಿ’ ಎಂದಿದೆ. ಮುಂದಿನ ವರ್ಷ ಅದೇ ಮಟ್ಟಕ್ಕೆ ನೀರು ಬಂದಾಗಲೂ ಐದೇ ನಿಮಿಷ. ನಡುವೆ ಮೂರು ವಾರ ಖಾಲಿ ಇದೆ; ಮಗಳ ಮದುವೆಗೆ ಊರಿಗೆ ಹೋಗಿದ್ದರಂತೆ. ನಾನು ಕಳೆದ ಸಲ ನೋಡಿದ ಕೊನೆಯ ಸಾಲು ‘1.9 ಮೀ., 11 ನಿಮಿಷ, ತಿಳಿ, ಹೆಗ್ಗಣ ಬಿಲ ಒಂದು, ಮುಚ್ಚಿದೆ’. ಬಿಲದ ವಿಷಯ ಬರೆಯಿರಿ ಎಂದು ನಾವು ಅವರಿಗೆ ಹೇಳಿರಲಿಲ್ಲ.